ಓಡುವಾಗ ಬಿದ್ದ ಹುಡುಗನಿಗೆ ಗ್ಲೂಕೋಸ್ ನೀರು ಸಾಕೇ?

ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಓಡುತ್ತಿದ್ದ ಹುಡುಗ ಪ್ರಜ್ಞೆ ತಪ್ಪಿ ಬಿದ್ದರೆ ನಾವೇನು ಮಾಡುತ್ತೇವೆ? 'ಬೆಳಿಗ್ಗೆ ತಿಂಡಿ ತಿಂದಿಲ್ಲ, ಬಿಸಿಲು ಬೇರೆ' ಅಂತ ನೀರು ಚಿಮುಕಿಸಿ, ಗ್ಲೂಕೋಸ್ ಕುಡಿಸಿ ನೆರಳಲ್ಲಿ ಕೂರಿಸುತ್ತೇವೆ. ಬಹಳ ಸಲ ಅಷ್ಟೇ ಇರುತ್ತದೆ. ನನ್ನ ತಕರಾರು ಉಳಿದ ಒಂದೆರಡು ಸಲದ ಬಗ್ಗೆ.

ಹೃದಯಕ್ಕೇ ರಕ್ತ ಕೊಡುವ ಎರಡು ನಾಳಗಳು ಮಹಾಪಧಮನಿಯ ಬುಡದಿಂದ ಹೊರಡುತ್ತವೆ, ಎಡಕ್ಕೊಂದು ಬಲಕ್ಕೊಂದು. ಕೆಲವರಿಗೆ ಹುಟ್ಟಿನಿಂದಲೇ ಒಂದು ತಪ್ಪು ಜಾಗದಿಂದ ಹೊರಟು, ಎರಡು ದೊಡ್ಡ ನಾಳಗಳ ನಡುವೆ ನುಸುಳಿ ಹೋಗಿರುತ್ತದೆ. ಕೂತಾಗ, ನಡೆಯುವಾಗ ಏನೂ ಗೊತ್ತಾಗದು. ಜೋರಾಗಿ ಓಡಿದಾಗ ರಕ್ತ ಸಾಲದೆ ಹೃದಯದ ಲಯವೇ ತಪ್ಪಬಹುದು. ಮಲಗಿಸಿ ತೆಗೆದ ಇಸಿಜಿಯಲ್ಲಿ ಇದು ಎಷ್ಟೋ ಸಲ ಕಾಣುವುದಿಲ್ಲ. ಎಕೋ ಮಾಡುವವರು ಆ ನಾಳಗಳ ಬುಡವನ್ನೇ ಹುಡುಕಿ ನೋಡಬೇಕು, ಅನುಮಾನ ಉಳಿದರೆ ಸಿಟಿ ಆಂಜಿಯೋ ಮಾಡಿಸಬೇಕು.

ಹಾಸನದ ಸಾವುಗಳ ಸುದ್ದಿಯ ನಂತರ, 2025ರ ಜುಲೈನಲ್ಲಿ, 15 ವರ್ಷದ ಶಾಲಾ ಮಕ್ಕಳಿಗೆ ಹೃದಯ ತಪಾಸಣೆ ಮಾಡಿಸುವುದಾಗಿ ರಾಜ್ಯ ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಸ್ಟೆತೋಸ್ಕೋಪ್ ಇಟ್ಟು ಸಹಿ ಹಾಕಿದರೆ ಇಂಥ ಮಗು ಸಿಗುವುದಿಲ್ಲ. ಕಾಸು ಖರ್ಚಿಲ್ಲದ ಎರಡು ಪ್ರಶ್ನೆ ಕೇಳಲಿ. ಓಡುವಾಗ ಯಾವತ್ತಾದರೂ ಎದೆ ನೋವು ಬಂದಿತ್ತಾ, ಪ್ರಜ್ಞೆ ತಪ್ಪಿತ್ತಾ? ಮನೆಯಲ್ಲಿ ಚಿಕ್ಕ ವಯಸ್ಸಿಗೇ ದಿಢೀರ್ ತೀರಿಕೊಂಡವರಿದ್ದಾರಾ? ಹೌದು ಅಂದ ಮಗುವನ್ನು ಮಂಗಳೂರಿಗೋ ಬೆಂಗಳೂರಿನ ಜಯದೇವಕ್ಕೋ ಕಳಿಸಲಿ, ಹೋಗಿ ಬರುವ ಖರ್ಚಿನ ಸಮೇತ. ಕಳಸ, ಮೂಡಿಗೆರೆಯ ಲೈನ್ ಮನೆಗಳವರಿಗೆ ಬಸ್ ಚಾರ್ಜು, ತಪ್ಪಿದ ಎರಡು ದಿನದ ಕೂಲಿಯೇ ದೊಡ್ಡ ಅಡ್ಡಿ. ಚಿಕಿತ್ಸೆ ಉಚಿತ ಅನ್ನುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎಲ್ಲರಿಗೂ ಆಪರೇಷನ್ ಬೇಕಾಗದು. ಬೇಕಾದರೆ ಹೆದರಿಕೆ ಸಹಜ. ಮಹಾಪಧಮನಿಯ ಗೋಡೆಯೊಳಗೆ ಸಿಕ್ಕಿಕೊಂಡ ನಾಳವನ್ನು ಬಿಡಿಸಿ ಅದರ ಬಾಯಿ ಅಗಲ ಮಾಡುತ್ತಾರೆ. ಅನ್ನನಾಳಕ್ಕೆ ಸಣ್ಣ ಸ್ಕ್ಯಾನಿಂಗ್ ಕೊಳವೆ ಇಳಿಸಿ, ಹೃದಯವನ್ನು ಹಿಂದಿನಿಂದ, ಥಿಯೇಟರಿನಲ್ಲೇ ನೋಡುವ ವ್ಯವಸ್ಥೆಯಿದೆ. ಹೃದಯ ಮತ್ತೆ ಬಡಿಯತೊಡಗಿದ ಮೇಲೆ ರಕ್ತ ಹರಿಯುತ್ತಿದೆಯಾ, ಕವಾಟ ಸೋರುತ್ತಿದೆಯಾ ಅಂತ ಎದೆ ಮುಚ್ಚುವ ಮೊದಲೇ ನೋಡಬಹುದು, ತಪ್ಪಿದ್ದರೆ ಅಲ್ಲೇ ಸರಿಮಾಡಬಹುದು. ತೋಟದಲ್ಲಿ ಪೈಪ್ ಜೋಡಿಸಿ, ಮೋಟಾರ್ ಹಾಕಿ ನೋಡದೆ ನಾವು ಮಣ್ಣು ಮುಚ್ಚುತ್ತೇವಾ? ಸಹಿ ಹಾಕುವಾಗ ಕೇಳಿ: 'ಡಾಕ್ಟ್ರೇ, ಎದೆ ಮುಚ್ಚೋ ಮೊದಲು ಎಕೋದಲ್ಲಿ ನೋಡ್ತೀರಾ?'

ಇದನ್ನು ನಿಮ್ಮೂರ ಪಿಟಿ ಮೇಷ್ಟ್ರಿಗೆ ಫಾರ್ವರ್ಡ್ ಮಾಡಿ. ಉಸಿರಿಲ್ಲದೆ ಬಿದ್ದವನಿಗೆ ನೀರು ಕುಡಿಸಬೇಡಿ, ಎದೆಯ ನಡುವೆ ಜೋರಾಗಿ, ಬೇಗಬೇಗ ಒತ್ತುತ್ತಾ 108ಕ್ಕೆ ಫೋನ್ ಮಾಡಿಸಿ. ಬಿದ್ದು ತಾನೇ ಎದ್ದ ಹುಡುಗನನ್ನೂ ಅವತ್ತಿನ ರಿಲೇಗೆ ಇಳಿಸಬೇಡಿ.