ಅಜ್ಜಿಯ ಬಾಯಿಗೊಂದು ಮ್ಯೂಟ್ ಬಟನ್

ಮೊಮ್ಮಗುವನ್ನು ನೋಡಿಕೊಳ್ಳೋಕೆ ಅಂತ ಊರಿಂದ ಬೆಂಗಳೂರಿಗೆ ಬರುವ ಅಜ್ಜಿಗೆ ನಾವು ಸಾಫ್ಟ್‌ವೇರ್ ಮಂದಿ ಕೊಡುವ ಮೊದಲ ಸೂಚನೆ ಏನು ಗೊತ್ತಾ? 'ಅಮ್ಮಾ, ಪಾಪು ಹತ್ರ ಊರ ಭಾಷೆ ಮಾತಾಡಬೇಡ. ಮುಂದಿನ ವರ್ಷ ಪ್ಲೇಸ್ಕೂಲಿಗೆ ಹಾಕ್ಬೇಕು, ಕನ್‌ಫ್ಯೂಸ್ ಆಗತ್ತೆ.' ಅಲ್ಲಿಗೆ ಮುಗೀತು. ನಾಲ್ಕು ಮಕ್ಕಳನ್ನು ಹೆತ್ತು ಸಾಕಿ, ಕೇರಿಯ ಹಸುಗೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಎರೆದ ಹೆಂಗಸು ಸ್ವಂತ ಮೊಮ್ಮಗನ ಎದುರು ಬಾಯಿ ಬಿಡೋಕೆ ಹೆದರುತ್ತಾಳೆ. 'ಕಮ್ ಪುಟ್ಟಾ, ಈಟ್ ಪುಟ್ಟಾ, ನೋ ಪುಟ್ಟಾ.' ಮೂರು ಪದಗಳಲ್ಲಿ ದಿನ ದೂಡುತ್ತಾಳೆ. ಆರು ತಿಂಗಳಿಗೆ ಬೇಜಾರಾಗಿ ಬಸ್ಸು ಹತ್ತಿದರೆ, 'ನಮ್ಮಮ್ಮಂಗೆ ಸಿಟಿ ಸೆಟ್ ಆಗ್ಲಿಲ್ಲ' ಅಂತ ನಾವು ಹೇಳಿಕೊಂಡು ತಿರುಗುತ್ತೇವೆ.

ಅಜ್ಜಿ ಬಾಯಿ ಮುಚ್ಚಿದ ಮೇಲೆ ಮಗುವಿಗೆ ಮಾತು ಕಲಿಸೋರು ಯಾರು? ಯೂಟ್ಯೂಬ್ ಇದೆಯಲ್ಲ, ಅದೂ ಅಮೆರಿಕನ್ ಆಕ್ಸೆಂಟಿನಲ್ಲಿ.

ಡೇಟಾ ಇಲ್ಲದೆ ನಮ್ಮ ಜನ ಏನನ್ನೂ ನಂಬಲ್ಲ, ಹಾಗಾಗಿ ಡೇಟಾನೇ ಕೊಡ್ತೀನಿ. 2003ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಅವರ ತಂಡ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಂದು ಗುಂಪಿನ ಮುಂದೆ ಜೀವಂತ ಮನುಷ್ಯರು ನೆಲದ ಮೇಲೆ ಕೂತು ಆಟವಾಡಿಸುತ್ತಾ ಮಾತಾಡಿದರು, ಒಟ್ಟು 12 ಸಲ. ಇನ್ನೊಂದು ಗುಂಪಿಗೆ ಅದೇ ಜನರ, ಅದೇ ಮಾತಿನ ವಿಡಿಯೋ. ಮೊದಲ ಗುಂಪಿನ ಕೂಸುಗಳು ಮ್ಯಾಂಡರಿನ್ ಸದ್ದುಗಳನ್ನು ಬೇರೆ ಬೇರೆ ಅಂತ ಗುರುತಿಸಿದವು. ವಿಡಿಯೋ ನೋಡಿದವು ಏನೂ ಕಲಿತಿರಲಿಲ್ಲ. ಪದ ಅದೇ, ದನಿ ಅದೇ. ವಿಡಿಯೋದಲ್ಲಿ ಇಲ್ಲದ್ದು ಕೂಸು ಕಣ್ಣರಳಿಸಿದಾಗ ತಾನೂ ಕಣ್ಣರಳಿಸುವ ಎದುರಿನ ಮುಖ.

2018ರಲ್ಲಿ ರೇಚಲ್ ರೋಮಿಯೋ ಮತ್ತು ಎಂಐಟಿಯ ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 4ರಿಂದ 6 ವರ್ಷದ ಮಕ್ಕಳ ಮನೆಮಾತನ್ನು ರೆಕಾರ್ಡ್ ಮಾಡಿಕೊಂಡು, ಆಮೇಲೆ ಆ ಮಕ್ಕಳು ಕಥೆ ಕೇಳುವಾಗ ಅವರ ಮೆದುಳಿನ ಸ್ಕ್ಯಾನ್ ಮಾಡಿದರು. ಮೆದುಳಿನ ಭಾಷೆಯ ಭಾಗ ಎಷ್ಟು ಚುರುಕಾಗಿತ್ತು ಅನ್ನೋದಕ್ಕೆ ತಾಳೆಯಾದದ್ದು ದೊಡ್ಡವರು ಸುರಿದ ಪದಗಳ ಲೆಕ್ಕ ಅಲ್ಲ, ಮನೆಯವರ ಆದಾಯವೂ ಅಲ್ಲ. ಮಗು ಒಂದು ಮಾತು, ದೊಡ್ಡವರು ಒಂದು ಮಾತು, ಮತ್ತೆ ಮಗು: ಈ ಕೊಡುಕೊಳ್ಳು ಎಷ್ಟು ಸಲ ನಡೆಯಿತು ಅನ್ನೋದು.

ಈಗ ನಮ್ಮ ಇಂಗ್ಲಿಷಿಗೆ ಬನ್ನಿ. ಯಾವ ಇಂಗ್ಲಿಷ್ ಸ್ವಾಮಿ ಅದು? ಸ್ಟ್ಯಾಂಡಪ್ ಮೀಟಿಂಗಿನದು, ಕೋಡ್ ರಿವ್ಯೂದು. ಮಗು ಬಿದ್ದು ಮಂಡಿ ತರಚಿಕೊಂಡಾಗ ಅದರಲ್ಲಿ ಎರಡು ವಾಕ್ಯ ಹುಟ್ಟುತ್ತೆ: 'ಡೋಂಟ್ ಕ್ರೈ. ನಥಿಂಗ್ ಹ್ಯಾಪನ್ಡ್.' ಸಂಭಾಷಣೆ ಮುಕ್ತಾಯ. ಅಜ್ಜಿಗೆ ಬಾಯಿ ಇದ್ದಿದ್ದರೆ ಮೊದಲು ನೆಲಕ್ಕೆ ಎರಡೇಟು ಹಾಕುತ್ತಿದ್ದಳು. ಗಾಯಕ್ಕೆ ಉಫ್ ಅಂತ ಊದುತ್ತಿದ್ದಳು. 'ಅಯ್ಯಯ್ಯೋ, ಇರುವೆ ಸತ್ತೋಯ್ತಲ್ಲೋ!' ಅನ್ನುತ್ತಿದ್ದಳು. ಅಳು ನಿಲ್ಲಿಸಿ ಮಗು ಇರುವೆ ಹುಡುಕುತ್ತೆ. ಎಲ್ಲಿ? ಅಲ್ಲೇ ಮೂಲೇಲಿ ನೋಡು. ಇಲ್ಲ. ಹಂಗಾದ್ರೆ ಎದ್ದು ಮನೆಗೆ ಹೋಯ್ತೇನೋ. ಯಾವ ಮನೆ? ಅದರಮ್ಮ ಕಾಯ್ತಿರ್ತಾಳಲ್ಲ, ಆ ಮನೆ. ಎಣಿಸಿ, ಒಂದು ತರಚುಗಾಯಕ್ಕೆ ಎಷ್ಟು ಕೊಡುಕೊಳ್ಳು ಆಯ್ತು ಅಂತ. ಸುಳ್ಳು ಇರುವೆ ಅಂತ ನೀವು ತಕರಾರು ತೆಗೀಬಹುದು. ನಿಮ್ಮ ಟ್ಯಾಬಿನಲ್ಲಿ ಹಾಡುವ ಶಾರ್ಕ್ ನಿಜವೇ?

ಎರಡು ಭಾಷೆ ಕೇಳಿದರೆ ಮಗುವಿಗೆ ಮಾತು ತಡವಾಗುತ್ತೆ ಅನ್ನೋದು ಶುದ್ಧ ಮೂಢನಂಬಿಕೆ. ನಿಜವಾಗಿಯೂ ಮಾತು ಬರದಿದ್ದರೆ ಅದು ಬೇರೆ ವಿಷಯ. ಕಿವಿ ಕೇಳಿಸುತ್ತಿಲ್ಲವೇ, ಆಟಿಸಂ ಇದೆಯೇ ಅಂತ ತಿಳಿಯೋಕೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ, ನಿಮ್ಹಾನ್ಸ್ ಇದೆ, ಬೇಗ ತೋರಿಸಿ. ಅದಕ್ಕೆ ಅಮ್ಮನನ್ನೋ ಅಜ್ಜಿಯನ್ನೋ ದೂರುವವರ ಜೊತೆ ನಾನಿಲ್ಲ.

ಇನ್ನು ಆ ಡಬ್ಬಗಳು. 'ಫೈನ್ ಮೋಟಾರ್ ಸ್ಕಿಲ್ಸ್ ಕಿಟ್' ಅಂತ ಆನ್‌ಲೈನಿನಲ್ಲಿ ಸಾವಿರಗಟ್ಟಲೆ ಕೊಟ್ಟು ತರಿಸ್ತೀರಲ್ಲ, ಮರದ ಮಣಿಗಳು, ಚಿಮಟ, ಎರಡು ಬಟ್ಟಲು. ಮೇಲೆ ಮಾಂಟೆಸ್ಸರಿ ಅಂತ ಹೆಸರು. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದದ್ದು ಬಡ ಕೂಲಿಕಾರರ ಮಕ್ಕಳಿಗಾಗಿ. ಆಕೆಯ ಪದ್ಧತಿಯಲ್ಲಿ ಗುಂಡಿ ಹಾಕೋದು, ನೀರು ಬಗ್ಗಿಸೋದು, ಕಸ ಗುಡಿಸೋದು ಎಲ್ಲ ಪಾಠವೇ. ಜನವರಿಯಲ್ಲಿ ಒಂದು ಕೆ.ಜಿ. ಸೊಗಡಿನ ಅವರೆಕಾಯಿ ತಂದು ಅಜ್ಜಿ ಮುಂದೆ ಸುರೀರಿ. ಸುಲಿಯೋದು ಅಂದರೇನು, ಹಿತಕೋದು ಅಂದರೇನು, ಹುಳ ಇದ್ದರೆ ಏನು ಮಾಡಬೇಕು, ಬಲಿತದ್ದು ಯಾವುದು, ಎಳೆಯದು ಯಾವುದು. ಬೆರಳಿಗೆ ಕೆಲಸ, ಮೂಗಿಗೆ ವಾಸನೆ, ಬಾಯಿಗೆ ಹತ್ತು ಕ್ರಿಯಾಪದ. ಅಜ್ಜಿ ಪಕ್ಕದಲ್ಲೇ ಇದ್ದು ಎಳೆಕಾಳು ಮೂಗಿಗೆ ಹೋಗದ ಹಾಗೆ ಕಣ್ಣಿಟ್ಟಿರುತ್ತಾಳೆ. ನಾವೋ, ಸುಲಿದ ಅವರೆಕಾಳಿನ ಪ್ಯಾಕೆಟ್ ಒಂದು ಆ್ಯಪಿನಲ್ಲಿ, ಮರದ ಮಣಿ ಇನ್ನೊಂದು ಆ್ಯಪಿನಲ್ಲಿ ಆರ್ಡರ್ ಮಾಡ್ತೀವಿ.

ಇದನ್ನು ಓದಿ ನಾನು ಹಳ್ಳಿಯನ್ನು ಸ್ವರ್ಗ ಅಂತಿದೀನಿ ಅಂದ್ಕೋಬೇಡಿ. ನಾನು ಬೆಳೆದ ಮನೇಲಿ ಮಕ್ಕಳಿಗೆ ಏಟು ಧಾರಾಳವಾಗಿ ಬೀಳುತ್ತಿತ್ತು. ಶಾಲೆ ಸೇರುವವರೆಗೆ ಅಪ್ಪ ನನ್ನ ಜೊತೆ ಆಡಿದ ಅಷ್ಟೂ ಮಾತು ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುತ್ತೆ. ಆದರೆ ಜಗಲಿಯಲ್ಲಿ ಬೇರೆ ಹತ್ತು ಜನ ಇದ್ದರು. ಅಪ್ಪನ ಮೌನ ಮನೆಯ ಮೌನ ಆಗುತ್ತಿರಲಿಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಪ್ಪ ಹೆಡ್‌ಫೋನ್ ಹಾಕಿ, ಅಮ್ಮ ಲ್ಯಾಪ್‌ಟಾಪ್ ತೆರೆದು, ಅಜ್ಜಿ ಹೆದರಿ ಕೂತರೆ ಮಗುವಿಗೆ ಉಳಿಯೋದು ಪರದೆ ಮಾತ್ರ. ಒಂದು ವರ್ಷ ತುಂಬಿ ಎರಡು ಆಗುವ ತನಕ ಪರದೆ ಬೇಡವೇ ಬೇಡ, 2ರಿಂದ 4ರ ತನಕ ದಿನಕ್ಕೆ 1 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ ಒಂದು ಇಡ್ಲಿ ತಿನ್ನಿಸೋಕೇ ಅಷ್ಟು ಖರ್ಚಾಗುತ್ತೆ.

'ಟೈಮಿಲ್ಲ ಗುರೂ' ಅನ್ನೋ ಅಪ್ಪಂದಿರಿಗೆ ಎರಡು ಮಾತು. ಮೊದಲನೆಯದು, ಇದಕ್ಕೆ ಬೇರೆ ಟೈಮ್ ಬೇಡ. ಸ್ನಾನ ಮಾಡಿಸುವಾಗ, ಚಡ್ಡಿ ಹಾಕುವಾಗ, ಲಿಫ್ಟಿನಲ್ಲಿ ಹನ್ನೊಂದು ಮಹಡಿ ಇಳಿಯುವಾಗ ಮೊಬೈಲ್ ಜೇಬಿನಲ್ಲಿದ್ದರೆ ಸಾಕು. ಎರಡನೆಯದು, ಟೈಮ್ ನಿಜವಾಗಿ ಇಲ್ಲದಿದ್ದರೆ ಅದನ್ನು ಕಿತ್ತುಕೊಂಡವರ ಹತ್ತಿರ ಕೇಳಿ. 2017ರ ತಿದ್ದುಪಡಿಯಿಂದ ಅಮ್ಮಂದಿರಿಗೆ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಬಂತು, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರ ಇರಬೇಕು ಅಂತಲೂ ಆಯಿತು. ಖಾಸಗಿ ಕಂಪನಿಯ ಅಪ್ಪನಿಗೆ ಆ ಕಾನೂನಿನಲ್ಲಿ ಒಂದು ದಿನವೂ ಸಿಗಲಿಲ್ಲ. ಹೊಸ ಕಾಫಿ ಮೆಷಿನ್ ಬೇಕು ಅಂತ ನೂರು ಮೇಲ್ ಬರೆಯುವ ನಾವು, 'ನಮ್ಮ ಆಫೀಸಿನ ಶಿಶುವಿಹಾರ ಎಷ್ಟನೇ ಮಹಡಿಯಲ್ಲಿದೆ?' ಅಂತ ಎಚ್ಚಾರ್‌ಗೆ ಒಂದು ಮೇಲ್ ಹಾಕಿದ್ದೀವಾ? ಸಂಜೆ ಏಳರ ಕಾಲ್ ಬೆಳಿಗ್ಗೆಗೆ ಹಾಕಿ ಅಂತ ಮ್ಯಾನೇಜರ್‌ಗೆ ಹೇಳಿದ್ದೀವಾ? ಅವನ ಮನೇಲೂ ಒಂದು ಮಗು ಆ ಹೊತ್ತಿಗೆ ಬಾಗಿಲ ಕಡೆ ನೋಡ್ತಿರುತ್ತೆ.