ನಲ್ಲೂರಿನ ತೋಪಿನ ಸಂತಾನ

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಗ್ರಾಮದ ಹುಣಿಸೆಯ ತೋಪನ್ನು ನಮ್ಮ ಸರ್ಕಾರದವರು 2007ನೆಯ ಇಸವಿಯಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. 2002ನೆಯ ಇಸವಿಯ ಜೀವವೈವಿಧ್ಯ ಅಧಿನಿಯಮದ ಮೇರೆಗೆ ಭಾರತದಲ್ಲಿ ಈ ಮರ್ಯಾದೆಯನ್ನು ಪಡೆದ ಮೊದಲನೆಯ ಸ್ಥಳವು ಇದೇ. ನೆಲವು ಸುಮಾರು 54 ಎಕರೆ. ಘೋಷಣೆಯ ಕಾಲಕ್ಕೆ ಮರಗಳು ಸುಮಾರು 300. ತೋಪು ಚೋಳರ ಕಾಲದ್ದೆಂದು ಪ್ರತೀತಿಯುಂಟು. ಅದರ ಪ್ರಾಮಾಣ್ಯವನ್ನು ಚರಿತ್ರಕಾರರು ವಿಚಾರಿಸಲಿ. ನಮಗೆ ಇಲ್ಲಿ ಬೇಕಾಗಿರುವುದು ತೋಪಿನ ಹಿಂದಿನ ಕಥೆಯಲ್ಲ, ಮುಂದಿನ ಕಥೆ.

ತೋಪನ್ನು ಕಾಪಾಡುವುದೆಂದರೆ ಮರಗಳನ್ನು ಕಾಪಾಡುವುದು ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಬೇಲಿ ಹಾಕಿಸಿ, ಹಲಗೆ ನೆಡಿಸಿ, ಮರಗಳಿಗೆ ಅಂಕಿ ಬರೆಯಿಸಿದರೆ ಕೆಲಸವು ಪೂರೈಸಿತೆಂದು ಸಮಾಧಾನ. ಒಂದು ಹಳೆಯ ಮರ ಉರುಳಿದರೆ ಮರುಗುವವರು ಅನೇಕರು. ಈ ವರ್ಷ ಎಷ್ಟು ಸಸಿಗಳು ತಾವಾಗಿ ಎದ್ದು ನಿಂತುವು ಎಂದು ಕೇಳುವವರು ವಿರಳ. ಮುದುಕರನ್ನು ಮಾತ್ರ ಎಣಿಸಿ ಮಕ್ಕಳನ್ನು ಬಿಟ್ಟುಬಿಡುವ ಖಾನೇಷುಮಾರಿಯನ್ನು ಯಾವ ಅಮಲ್ದಾರರೂ ಒಪ್ಪಲಾರರು. ಮರಗಳ ವಿಷಯದಲ್ಲಿ ಮಾತ್ರ ಅದನ್ನು ಒಪ್ಪಿಕೊಂಡಿದ್ದೇವೆ.

ಹುಣಿಸೆಯ ಹೂವನ್ನು ಹತ್ತಿರದಿಂದ ನೋಡಿದವರು ಕಡಮೆ. ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಕೆಂಪು ಗೆರೆಗಳುಳ್ಳ ತಿಳಿಹಳದಿಯ ಸಣ್ಣ ಹೂಗಳು ಗೊಂಚಲಾಗಿ ಬಿಡುತ್ತವೆ. ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಒಯ್ಯುವವು ಜೇನುನೊಣ ಮೊದಲಾದ ಕೀಟಗಳು. ತನ್ನದೇ ಪರಾಗದಿಂದ ಹುಣಿಸೆಯು ಕಾಯಿ ಕಟ್ಟುವುದು ಬಹು ಕಡಮೆ. ಆದುದರಿಂದ ಮುಂದಿನ ಮಾಘ ಫಾಲ್ಗುಣಗಳಲ್ಲಿ ಹಣ್ಣಾಗುವ ಒಂದೊಂದು ಬೀಜವೂ ಎರಡು ಮರಗಳ ಗುಣಗಳ ಹೊಸ ಕೂಡಿಕೆ. ಸಿಹಿಹುಣಿಸೆಯ ಬೀಜ ಹಾಕಿ ಹುಳಿಮರವನ್ನು ಬೆಳೆಸಿದ ರೈತನಿಗೆ ಇದನ್ನು ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ಬರವನ್ನು ತಾಳುವ ಶಕ್ತಿ, ರೋಗವನ್ನು ತಡೆಯುವ ಶಕ್ತಿ, ತಿರುಳಿನ ಬಣ್ಣ ಇವೆಲ್ಲವೂ ಈ ಕೂಡಿಕೆಯಲ್ಲಿಯೇ ಅಡಗಿವೆ.

ಮುದಿಮರ ಒರಗಿದ ಮೇಲೆ ಅದರ ಬುಡದಿಂದ ಚಿಗುರೆದ್ದರೆ ಮರವು ಪುನರ್ಜನ್ಮವೆತ್ತಿತೆಂದು ಜನರು ಸಂತೋಷಪಡುತ್ತಾರೆ. ಸಂತೋಷವು ನ್ಯಾಯವೇ. ಆದರೆ ಅದು ಹೊಸ ಜನ್ಮವಲ್ಲ, ಹಳೆಯ ಆಯುಸ್ಸಿನ ಮುಂದುವರಿಕೆ. ಕಸಿಯ ಸಸಿಯೂ ಹಾಗೆಯೇ. ಒಂದೇ ಮರವನ್ನು ನೂರು ಕಡೆ ನೆಟ್ಟಂತೆ. ನಾವು ಕಸಿಯ ವಿರೋಧಿಗಳಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಸಿದ್ದು ಹಲಸು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಸಿಯಿಂದಲೇ ನಾಡಿಗೆಲ್ಲ ಹಬ್ಬಿತು. ಆದರೆ ಆ ತಾಯಿಮರವು ಹುಟ್ಟಿದುದು ಬೀಜದಿಂದ. ಕಸಿಯು ಸಿಕ್ಕಿದ್ದನ್ನು ಉಳಿಸಬಲ್ಲುದು, ಇಲ್ಲದ್ದನ್ನು ಹುಟ್ಟಿಸಲಾರದು. ನಲ್ಲೂರಿನಲ್ಲಿ ಮರ ಬಿದ್ದ ಎಡೆಗಳನ್ನು ಯಾವುದೋ ಸಸ್ಯಕ್ಷೇತ್ರದ ಒಂದೇ ತಳಿಯ ಕಸಿಗಳಿಂದ ತುಂಬಿದರೆ ಮರಗಳ ಸಂಖ್ಯೆ ಏರೀತು, ತೋಪು ಇಳಿದೀತು.

ಇನ್ನೊಂದು ಅಪಾಯವು ಕಣ್ಣಿಗೆ ಕಾಣುವಂತಹುದಲ್ಲ. 300 ಮರಗಳಿದ್ದರೂ ಮುಂದಿನ ತಲೆಮಾರು ಐದಾರು ಮರಗಳ ಸಂತತಿಯೇ ಆದರೆ, ತಳಿಗುಣದ ಲೆಕ್ಕದಲ್ಲಿ ಆ ತೋಪು ಐದಾರು ಮರಗಳದ್ದೇ. ಸಂಖ್ಯೆಯು ಕಿರಿದಾದಷ್ಟೂ ಒಳ್ಳೆಯ ಗುಣವು ಯಾವ ದೋಷವೂ ಇಲ್ಲದೆ, ಕೇವಲ ಅದೃಷ್ಟದ ಆಟದಿಂದ ಅಳಿದುಹೋಗುತ್ತದೆ. ಬಂಧುಮರಗಳೇ ತಮ್ಮೊಳಗೆ ಕೂಡುತ್ತ ಹೋದಂತೆ ಸಂತತಿಯೂ ಬಡವಾಗುತ್ತದೆ. ಈ ಗಣಿತಕ್ಕೆ ತಳಹದಿ ಹಾಕಿದ ಮೂವರಲ್ಲಿ ಒಬ್ಬರಾದ ಹಾಲ್ಡೇನರು 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿಯೇ ತೀರಿಕೊಂಡರು. ಅವರ ವಿದ್ಯೆಯನ್ನು ನಮ್ಮ ಸಸ್ಯಕ್ಷೇತ್ರಗಳವರೆಗೆ ಮಾತ್ರ ನಾವು ಇನ್ನೂ ತಂದುಕೊಂಡಿಲ್ಲ.

ಬೀಜ ಹೇರಳವಾಗಿದೆಯಲ್ಲಾ, ಭಯವೇಕೆ ಎಂದು ಕೇಳುವವರುಂಟು. ಮಲೆನಾಡಿನ ಸೀತಾಳೆ ದಂಡೆಯನ್ನು ನೋಡಿರಿ. ಅದರ ಒಂದೊಂದು ಕಾಯಿಯಲ್ಲಿಯೂ ಧೂಳಿನಂತಹ ಅಸಂಖ್ಯ ಬೀಜಗಳಿರುತ್ತವೆ. ಬೀಜದೊಳಗೆ ಮೊಳಕೆಗೆ ಬೇಕಾದ ಬುತ್ತಿಯೇ ಇರುವುದಿಲ್ಲವಾಗಿ, ತಕ್ಕ ಶಿಲೀಂಧ್ರದ ನೆರವು ಸಿಕ್ಕಿದುದಷ್ಟೇ ಬದುಕೀತು. ಉಳಿದುದೆಲ್ಲ ಗಾಳಿಯ ಪಾಲು. ಹುಣಿಸೆಯ ಬೀಜಕ್ಕೆ ಬುತ್ತಿಯೇನೋ ಇದೆ, ಆದರೆ ಬಿದ್ದ ಕಾಯಿಯನ್ನು ಮನುಷ್ಯರು ಆಯುತ್ತಾರೆ, ಮೊಳೆತ ಸಸಿಯನ್ನು ಆಡು ಮೇಯುತ್ತದೆ. 2008ರಲ್ಲಿ ವಿಮಾನನಿಲ್ದಾಣವು ತೆರೆದ ತರುವಾಯ ದೇವನಹಳ್ಳಿಯ ಸುತ್ತಿನ ಹೊಲಗಳು ನಿವೇಶನಗಳಾಗುತ್ತಿರುವುದನ್ನು ವಾಚಕರು ಬಲ್ಲರು. ಹೊಲದ ಬದುವಿನ ಹುಣಿಸೆಗಳು ಹೋದಂತೆಲ್ಲ ಹೊರಗಿನ ಪರಾಗವು ತೋಪಿಗೆ ಬರುವ ದಾರಿಯೂ ಕಡಿಯುತ್ತದೆ.

ಅಧಿನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯೊಂದೊಂದಕ್ಕೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರತಕ್ಕದ್ದು. ಕೃಷಿ ವಿಶ್ವವಿದ್ಯಾನಿಲಯವು ಬಳ್ಳಾರಿ ರಸ್ತೆಯಲ್ಲಿ, ದೇವನಹಳ್ಳಿಗೆ ಹೋಗುವ ದಾರಿಯಲ್ಲಿಯೇ ಇದೆ. ಇವರಿಬ್ಬರೂ ಕೂಡಿದರೆ ಕೆಲಸವು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಪ್ರತಿಯೊಂದು ಮರದ ಬೀಜವನ್ನೂ ಬೇರೆಬೇರೆಯಾಗಿ ತೆಗೆದು, ತಾಯಿಯ ಅಂಕಿಯೊಡನೆ ಸಸಿಮಾಡಿ, ಬಿದ್ದ ಮರದ ಎಡೆಯಲ್ಲಿ ತೋಪಿನದೇ ಸಂತಾನವನ್ನು ನೆಡಬೇಕು. ನೆಲದ ಒಂದು ಪಾಲನ್ನು ಕೆಲವು ವರ್ಷ ಮೇವಿನಿಂದ ತಪ್ಪಿಸಿ ಸಸಿಗಳು ತಾವಾಗಿ ಏಳಲು ಬಿಡಬೇಕು. ಸರ್ಕಾರಿ ಹುಣಿಸೆಯ ಫಸಲನ್ನು ಹರಾಜು ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಈ ತೋಪಿನಲ್ಲಿ ಯಾರು ಫಸಲನ್ನು ಹಿಡಿದರೂ, ಗಾಡಿಗೆ ತುಂಬುವ ಮೊದಲು ಮರವೊಂದಕ್ಕೆ ಇಷ್ಟು ಕಾಯಿ ಬೀಜಕ್ಕೆಂದು ಬಿಟ್ಟುಕೊಡತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಬರೆಯಿಸಬೇಕು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಬರುವ ಫಸಲು ಕೀಳುವ ಮೊದಲು ಒಂದು ಹುಕುಂ ಹೊರಟರೆ ಸಾಕು.