ಅಕ್ಷರವಿಲ್ಲದ ಶಾಸನ

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ 1510ರ ಶಾಸನವಿದೆ. ಅದನ್ನು ಯಾರಾದರೂ ಒಡೆಯಹೊರಟರೆ ನಾಡೇ ಸುಮ್ಮನಿರದು. ಹೊಸಪೇಟೆಯನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ಸಂಡೂರಿನ ಬೆಟ್ಟಸಾಲು ಎದುರಾಗುತ್ತದೆ. ಅಲ್ಲಿಯೂ ಒಂದು ಶಾಸನವಿದೆ. ಆದರೆ ಅದಕ್ಕೆ ಅಕ್ಷರಗಳಿಲ್ಲ. ಅದರ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲು.

ಆ ಶಾಸನದ ಲಿಪಿಗಳಲ್ಲಿ ಇಂಗಾಲವೂ ಒಂದು. ಪ್ರಕೃತಿಯಲ್ಲಿ ಸ್ಥಿರವಾದ ಇಂಗಾಲ ಎರಡು ಬಗೆ. ನೂರರಲ್ಲಿ ಸುಮಾರು 99 ಪಾಲು ಇಂಗಾಲ-12. ಉಳಿದ ಒಂದು ಪಾಲು ತುಸು ಭಾರವಾದ ಇಂಗಾಲ-13. ಇವೇ ಸಮಸ್ಥಾನಿಗಳು. ಹಸಿರು ಸಸ್ಯವು ದ್ಯುತಿಸಂಶ್ಲೇಷಣೆಯಿಂದ ಆಹಾರ ತಯಾರಿಸುವಾಗ ಹಗುರವಾದ ಇಂಗಾಲವನ್ನೇ ಹೆಚ್ಚು ಆಯ್ದುಕೊಳ್ಳುತ್ತದೆ. ಕಂಪ್ಲಿಯ ಬಯಲಿನಲ್ಲಿ ಬೆಳೆಯುವ ಭತ್ತ, ಕಬ್ಬುಗಳನ್ನು ಪರೀಕ್ಷಿಸಿದರೂ ಇದು ತಿಳಿಯುತ್ತದೆ. ಎರಡರಲ್ಲಿಯೂ ಇಂಗಾಲ-13 ಗಾಳಿಯಲ್ಲಿರುವುದಕ್ಕಿಂತ ಕಡಿಮೆ. ಭತ್ತದಲ್ಲಿ ಇನ್ನೂ ಕಡಿಮೆ. ಜೀವಿಯು ಸತ್ತು, ಕೆಸರಿನಲ್ಲಿ ಹೂತು, ಕಲ್ಲಾದ ಮೇಲೂ ಈ ಗುರುತು ಬಹುಮಟ್ಟಿಗೆ ಉಳಿಯಬಲ್ಲದು.

ಸಂಡೂರಿನ ಶಿಲೆಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳಿವೆ. ಪುರಾತನ ಸಾಗರದ ತಿಳಿನೀರಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುಡ್ಡೆಗಳಿವು. ಅದೇ ಶಿಲಾಪ್ರದೇಶದಲ್ಲಿ ಕಬ್ಬಿಣದ ಅದಿರಿನ ಪಟ್ಟಿಗಳಿವೆ. ಕಡಲಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳ ಸೇರಲು ಬಿಸಿಲುಂಡು ಬದುಕುತ್ತಿದ್ದ ಜೀವಿಗಳೂ ಕಾರಣವೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ.

ಆದರೆ ನ್ಯಾಯಸ್ಥಾನದಲ್ಲಿರುವಂತೆ ಇಲ್ಲಿಯೂ ಒಂದೇ ಸಾಕ್ಷಿ ಸಾಲದು. ಭೂಗರ್ಭದ ಬಿಸಿ ಇಂಗಾಲದ ಗುರುತನ್ನು ಕೆಡಿಸಬಲ್ಲದು. ಜೀವವಿಲ್ಲದ ಕ್ರಿಯೆಗಳೂ ಅಂತಹುದೇ ಗುರುತನ್ನು ಮೂಡಿಸಬಲ್ಲವು. ಆದ್ದರಿಂದ ಇಂಗಾಲ, ಶಿಲೆಯ ರೂಪ, ಮೇಲುಕೆಳಗಿನ ಪದರಗಳು ಎಲ್ಲವನ್ನೂ ಕೂಡಿಸಿ ಓದಬೇಕು. ವಸ್ತುಸಂಗ್ರಹಾಲಯಕ್ಕೆ ಒಯ್ದ ಒಂದು ತುಂಡು ಹರಿದ ಹಾಳೆಯಷ್ಟೇ. ಕಲ್ಲು ತನ್ನ ನೆಲೆಯಲ್ಲಿದ್ದರೆ ಮಾತ್ರ ಅದು ಪೂರ್ಣ ಸಾಕ್ಷಿ.

ಈ ಲಿಪಿ ಇಂದಿನ ಕಥೆಯನ್ನೂ ಬರೆಯುತ್ತಿದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಕೈಗಾರಿಕಾ ಯುಗದಲ್ಲಿ 420ನ್ನು ಮೀರಿದೆ. ಅದರಲ್ಲಿ ಇಂಗಾಲ-13ರ ಪ್ರಮಾಣ ತಗ್ಗುತ್ತಿದೆ. ಪುರಾತನ ಜೀವಿಗಳಿಂದಾದ ಕಲ್ಲಿದ್ದಲು, ಎಣ್ಣೆಗಳನ್ನು ಮನುಷ್ಯನು ಉರಿಸುತ್ತಿರುವುದಕ್ಕೆ ಇದು ಸಾಕ್ಷಿ. ತೋರಣಗಲ್ಲಿನ ಉಕ್ಕಿನ ಕುಲುಮೆಗಳಲ್ಲಿ ಅಂತಹ ಕಲ್ಲಿದ್ದಲೂ ಅದಿರೂ ಸಂಧಿಸುತ್ತವೆ.

ಅದಿರು ಸಾವಿರಾರು ಮನೆಗಳಿಗೆ ಅನ್ನ ನೀಡುತ್ತದೆ, ನಿಜ. ಉಕ್ಕಿಲ್ಲದೆ ಸೇತುವೆಯಿಲ್ಲ, ನೇಗಿಲಿಲ್ಲ. ಆದರೆ ಮಿತಿಯಿಲ್ಲದ ಅಗೆತಕ್ಕೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆಯೊಡ್ಡಬೇಕಾಯಿತು. ಬಳಿಕ ಕಟ್ಟುಪಾಡುಗಳೊಡನೆ ಗಣಿಗಾರಿಕೆ ಮರಳಿ ಆರಂಭವಾಯಿತು. ಆ ಕಟ್ಟುಪಾಡುಗಳ ಜೊತೆಗೆ ಇನ್ನೊಂದು ಸೇರಲಿ: ಮುಖ್ಯವಾದ ಶಿಲಾಪದರಗಳನ್ನು ಗುರುತಿಸಿ, ಬೇಲಿ ಹಾಕಿ, ಹಂಪಿಯ ಶಾಸನಗಳಂತೆ ಕಾಯಬೇಕು. ಕಡಿದ ಕಾಡನ್ನು ಮತ್ತೆ ನೆಡಬಹುದು. ಪುಡಿಯಾದ ಶಿಲೆಯನ್ನು ಮತ್ತೆ ಬರೆಯುವವರಾರು? ಓದಲು ಕಲಿಯುವ ಮೊದಲೇ ಗ್ರಂಥವನ್ನು ಸುಡುವುದು ವಿವೇಕಿಗಳ ಲಕ್ಷಣವಲ್ಲ.